ಸಕ್ಕರೆ ಬಿಟ್ಟ ಹುಡುಗಿ

ಭಾಗ್ಯಜ್ಯೋತಿ ಸಕ್ಕರೆ ಬಿಟ್ಟದ್ದು ಗಣೇಶ ಹಬ್ಬ ಮುಗಿದ ವಾರದಲ್ಲಿ. ಹಾಸ್ಟೆಲ್ಲಿನ ಗಣಪತಿಯನ್ನು ಕಳಿಸಿದ ಮರುದಿನ, ಉಳಿದ ಮೋದಕದ ಡಬ್ಬಿ ಹಿಡಿದುಕೊಂಡು ಅವಳು ನಮ್ಮ ಸ್ಟಾಫ್ ರೂಮಿಗೆ ಬಂದಿದ್ದಳು. ಎಲ್ಲರಿಗೂ ಎರಡೆರಡು ಕೊಟ್ಟಳು.

"ನೀ ತಿನ್ನಲ್ಲೇನು?" ಎಂದು ಕೇಳಿದೆ.

"ಇವತ್ತಿಂದ ಸಕ್ರಿ ಬಂದ್ ಮಾಡೀನ್ರಿ ಮೇಡಂ," ಎಂದು ನಕ್ಕಳು.

ನಾನು ರಾಯಚೂರಿನ ಒಂದು ಹೆಣ್ಣುಮಕ್ಕಳ ಪದವಿ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತೇನೆ. ಹೆಸರು ಮಲ್ಲೇಶ್ವರಿ, ಊರು ಮಾನ್ವಿ ಕಡೆಯ ಮಲ್ಲಟ. ಆಹಾರ, ಪೋಷಣೆ, ಆಹಾರದ ಜೊತೆ ನಂಟಿರುವ ಕಾಯಿಲೆಗಳು, ಇದೇ ಹನ್ನೊಂದು ವರ್ಷದಿಂದ ನನ್ನ ಪಾಠ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ಈಕೆ ಅದೇನು ಕಲಿಸುತ್ತಿದ್ದಳೋ ಎಂದು ಅಂದುಕೊಳ್ಳದೆ ಇರಲಾರರು. ನಾನೂ ಅಂದುಕೊಂಡಿದ್ದೇನೆ.

ಭಾಗ್ಯಜ್ಯೋತಿ ಗಬ್ಬೂರಿನವಳು, ಕುರಿ ಸಾಕುವ ಮನೆಯ ಮಗಳು. ಅಪ್ಪ ಪರಮಣ್ಣನಿಗೆ ಎಂಬತ್ತು ಕುರಿ, ನಾಲ್ಕು ಎಕರೆ ತೊಗರಿ ಹೊಲ. ಅವ್ವ ಭೀಮವ್ವ. ಆ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ಇವಳೊಬ್ಬಳೇ. ಮೊದಲ ವರ್ಷ ನಮ್ಮಲ್ಲಿಗೆ ಬಂದಾಗ ಜೋಳದ ರೊಟ್ಟಿ ತಿಂದು ಬೆಳೆದ ಗಟ್ಟಿ ಮೈ, ದುಂಡು ಮುಖ, ದೊಡ್ಡ ದನಿ. ಹಾಸ್ಟೆಲ್ ಸೇರಿದ ಮೇಲೆ ತಿಂಡಿಯ ದಾರಿ ಬೇರೆಯಾಯಿತು. ವಾರಕ್ಕೊಂದು ಹುಟ್ಟುಹಬ್ಬ, ಹುಟ್ಟುಹಬ್ಬಕ್ಕೊಂದು ಕೇಕು, ಕೇಕಿನ ಜೊತೆ ದೊಡ್ಡ ಬಾಟಲಿಯ ತಂಪು ಪಾನೀಯ. ಓದಲು ಕೂತರೆ ಕ್ರೀಮ್ ಬಿಸ್ಕೀಟು. ಎರಡೇ ವರ್ಷದಲ್ಲಿ ತೂಕ ಅರವತ್ತೆಂಟು ಕಿಲೋ ಆಯಿತು. ಫೋಟೋ ತೆಗೆಯುವಾಗ ಗೆಳತಿಯರು ಅವಳನ್ನು ಹಿಂದೆ ನಿಲ್ಲಿಸತೊಡಗಿದರು. ಅವಳಿಗೆ ನೋವಾದದ್ದು ಅದೊಂದಕ್ಕೇ.

ಯಾರೋ ಮೊಬೈಲಿನಲ್ಲಿ ತೋರಿಸಿದರಂತೆ, ಸಕ್ಕರೆಯ ಬದಲು ಚಹಾಕ್ಕೆ ಹಾಕಿಕೊಳ್ಳುವ ಸಿಹಿ ಗುಳಿಗೆ. ಬೆರಳಿನಷ್ಟು ಉದ್ದದ ಡಬ್ಬಿ, ಒತ್ತಿದರೆ ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಬಿಳಿ ಗುಳಿಗೆ ಬೀಳುತ್ತದೆ. ಅಂದಿನಿಂದ ಆ ಡಬ್ಬಿ ಅವಳ ಪರ್ಸಿನಲ್ಲಿ ಖಾಯಂ ಆಯಿತು. ದೀಪಾವಳಿಗೆ ಎರಡು ಕಿಲೋ ಇಳಿದಳು. ಹೊಸ ವರ್ಷದ ಹೊತ್ತಿಗೆ ಇಳಿತ ಜೋರಾಯಿತು. ಫೆಬ್ರುವರಿಯಲ್ಲಿ ನಮ್ಮ ಲ್ಯಾಬಿನ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಐವತ್ತೈದಕ್ಕೆ ನಿಂತಿತು. ಹುಡುಗಿಯರು ಚಪ್ಪಾಳೆ ಹೊಡೆದರು. ಒಬ್ಬಳು ಅವಳ ಸೊಂಟದ ಸುತ್ತ ಎರಡೂ ಕೈ ಹಿಡಿದು ಅಳೆದಳು. ಹಾಸ್ಟೆಲ್ಲಿನಲ್ಲಿ ಹದಿನಾಲ್ಕು ಮಂದಿ ಅದೇ ಡಬ್ಬಿ ತರಿಸಿಕೊಂಡರು.

ನಾನು ಮಾಡಿದ್ದನ್ನೂ ಹೇಳಬೇಕು. ಪಾಠದ ನಡುವೆ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಮನಸ್ಸು ಮಾಡಿದರೆ ಏನಾಗುತ್ತದೆ ನೋಡಿ, ಇವಳನ್ನು ನೋಡಿ ಕಲಿಯಿರಿ," ಎಂದೆ. ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದಳು. ಕೂತವಳೇ ನೀರಿನ ಬಾಟಲಿ ಎತ್ತಿ ಗಟಗಟ ಕುಡಿದಳು. ಅದನ್ನೂ ಕಂಡೆ. ರಾಯಚೂರಿನ ಬಿಸಿಲು, ಫೆಬ್ರುವರಿಗೇ ಗಂಟಲು ಒಣಗುತ್ತದೆ ಅಂದುಕೊಂಡೆ.

ಕೊನೆಯ ವರ್ಷದವರು ಒಂದು ಸಮೀಕ್ಷೆ ಮಾಡಿ ವರದಿ ಬರೆಯಬೇಕು. ಭಾಗ್ಯಜ್ಯೋತಿ ಆರಿಸಿಕೊಂಡ ವಿಷಯ: ಕಾಲೇಜು ಹುಡುಗ ಹುಡುಗಿಯರು ಸಿಹಿಗಾಗಿ ಏನು ಬಳಸುತ್ತಾರೆ, ಎಷ್ಟು, ಯಾಕೆ. ಸಕ್ಕರೆಯೋ, ಬೆಲ್ಲವೋ, ಜೇನುತುಪ್ಪವೋ, ಗುಳಿಗೆಯೋ. ದಿನಕ್ಕೆ ಎಷ್ಟು ಚಹಾ, ವಾರಕ್ಕೆ ಎಷ್ಟು ತಂಪು ಪಾನೀಯ. ಜೊತೆಗಾತಿ ಗುಲ್ಫಶಾ, ರಾಯಚೂರಿನ ಅರಬ್ ಮೊಹಲ್ಲಾದ ಹುಡುಗಿ, ಮಾತಿನಲ್ಲಿ ಚುರುಕು. ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆಯ ಕಾಲೇಜುಗಳಿಗೆ ಹೋಗಬೇಕೆಂದು ಇಬ್ಬರೂ ಪಟ್ಟಿ ಮಾಡಿಕೊಂಡು ಬಂದರು. ಮೊದಲ ಫಾರಂ ಅನ್ನು ಭಾಗ್ಯಜ್ಯೋತಿ ತಾನೇ ತುಂಬಿದ್ದಳು. ಯಾಕೆ ಎಂಬ ಪ್ರಶ್ನೆಯ ಮುಂದೆ 'ಆರೋಗ್ಯಕ್ಕಾಗಿ' ಎಂದು ಬರೆದಿದ್ದಳು.

ನಮ್ಮ ಕಾಲೇಜಿನ ಫಾರಂಗಳನ್ನು ಎಣಿಸಿದಾಗಲೇ ಗುಲ್ಫಶಾ ಬಾಯಿ ತೆರೆದಳು.

"ಮೇಡಂ, ಸಕ್ರಿ ಹಾಕ್ಕೊಳ್ಳೋರೆಲ್ಲಾರೂ ಒಂದು ಚಮಚ ಅಂತ ಬರದಾರ. ಒಬ್ರೂ ಎರಡು ಅಂದಿಲ್ಲ."

"ಒಳ್ಳೇದೇ ಆಯ್ತಲ್ಲ."

"ಏನ್ ಒಳ್ಳೇದ್ರಿ! ಮೆಸ್ಸಿನಾಗ ಸಕ್ರಿ ಡಬ್ಬಿ ಮುಂದ ಕುಂತು ನೋಡೀನಿ. ಒಂದು ಅಂತ ಬರದಾಕೀನೇ ನನ್ನ ಕಣ್ಣೆದುರಿಗೆ ಮೂರು ಹಾಕ್ಕೊಂಡ್ಳು. ಅದೂ ಗುಡ್ಡದಂಗ ತುಂಬಿ. ಮ್ಯಾಲ ನಾಕು ಕ್ರೀಮ್ ಬಿಸ್ಕೀಟು. ಬಿಸ್ಕೀಟ್ನಾಗೂ ಸಕ್ರಿ ಅದ ಅಂದ್ರ, ಹೌದೇನು ಅಂತಾಳ್ರಿ!"

ಅವರೆಲ್ಲ ನನ್ನ ವಿದ್ಯಾರ್ಥಿನಿಯರೇ.

ದೇವದುರ್ಗಕ್ಕೆ ನಾನೂ ಜೊತೆಗೆ ಹೋದೆ, ಅಲ್ಲಿನ ಪ್ರಾಂಶುಪಾಲರಿಗೆ ಪತ್ರ ಕೊಡಬೇಕಿತ್ತು. ಅಲ್ಲಿನ ಹುಡುಗರಲ್ಲಿ ಬೆಲ್ಲದ ಚಹಾದ ಹುಚ್ಚು ಹೆಚ್ಚು. "ಬೆಲ್ಲ ಅಂದ್ರ ಔಷಧಿ ಇದ್ದಂಗರಿ ಮೇಡಂ, ಎಷ್ಟು ತಿಂದ್ರೂ ನಡೀತದ," ಎಂದ ಒಬ್ಬ. ಅವನು ದಿನಕ್ಕೆ ಏಳು ಕಪ್ಪು ಕುಡಿಯುತ್ತಿದ್ದ. ಇನ್ನೊಬ್ಬ ವ್ಯಾಯಾಮ ಮಾಡುತ್ತೇನೆಂದು ಸಕ್ಕರೆ ಬಿಟ್ಟು, ಶಕ್ತಿಗೆಂದು ಬಣ್ಣದ ಡಬ್ಬಿಯ ಪಾನೀಯ ಎರಡೆರಡು ಕುಡಿಯುತ್ತಿದ್ದ. ಅದರಲ್ಲಿ ಎಷ್ಟು ಸಕ್ಕರೆ ಇದೆಯೆಂದು ಡಬ್ಬಿಯ ಹಿಂದಿನ ಅಕ್ಷರ ಓದಿ ಹೇಳಿದರೆ ಅವನ ಮುಖ ಬಿಳಿಚಿಕೊಂಡಿತು. ಬಿ.ಎ. ಓದುವ ಒಬ್ಬಳು ಪರ್ಸಿನಿಂದ ಸಿಹಿ ಗುಳಿಗೆಯ ಡಬ್ಬಿ ತೆಗೆದು ತೋರಿಸಿದಳು.

"ಇದು ನಿನಗ ಯಾರು ಹೇಳಿದ್ರವ್ವ?" ಎಂದು ಕೇಳಿದೆ.

"ರಾಯಚೂರ ಹಾಸ್ಟೆಲ್ನಾಗ ಒಬ್ಬಾಕಿ ಇದನ್ನ ತಿಂದು ಭಾಳ ತೆಳ್ಳಗಾಗ್ಯಾಳಂತ್ರಿ. ನಮ್ಮ ಚಿಗವ್ವನ ಮಗಳು ಹೇಳಿದ್ಳು."

ಗುಲ್ಫಶಾ ಭಾಗ್ಯಜ್ಯೋತಿಯ ಪಕ್ಕೆಗೆ ತಿವಿದಳು. ಭಾಗ್ಯಜ್ಯೋತಿಯ ಕಣ್ಣು ಹೊಳೆದವು. ಮೊದಲೆಂದೂ ಕಾಣದ ಹುಡುಗಿಯೊಬ್ಬಳು ತನ್ನಂತಾಗಲು ಹೊರಟಿದ್ದಾಳೆ ಎನ್ನುವ ಹೆಮ್ಮೆ ಅದು.

ಬರುವಾಗ ಗಬ್ಬೂರಿನಲ್ಲಿ ಇಳಿದು ಅವಳ ಮನೆಗೆ ಹೋದೆವು. ದೀಪಾವಳಿಯ ನಂತರ ಅವಳು ಊರಿಗೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಭೀಮವ್ವ ತಲೆ ಎತ್ತಿ ನೋಡಿದಳು. ಮೊದಲು ನನ್ನನ್ನು, ಆಮೇಲೆ ಗುಲ್ಫಶಾಳನ್ನು. ಮಗಳನ್ನು ನೋಡಿದರೂ ಒಂದು ಕ್ಷಣ ಗುರುತು ಸಿಗಲಿಲ್ಲ. ಸಿಕ್ಕಿದ ಮೇಲೆ ಮೊರ ಕೈಯಿಂದ ಜಾರಿತು.

"ಯವ್ವಾ! ನಿನ್ನ ಮೈ ಎಲ್ಲಿ ಹೋತಬೇ?"

"ನಾನೇ ಇಳಿಸೀನಿ ಬೇ ಯವ್ವಾ, ಸಕ್ರಿ ಬಿಟ್ಟು," ಎಂದಳು ಮಗಳು ಗತ್ತಿನಿಂದ.

ಊಟಕ್ಕೆ ಕೂತಾಗ ಪರಮಣ್ಣ ಎದುರಿಗೆ ಕೂತು ಮಗಳನ್ನೇ ನೋಡುತ್ತಿದ್ದ. ಅವಳು ಐದು ರೊಟ್ಟಿ ತಿಂದಳು. ತಂಬಿಗೆ ನೀರು ಮುಗಿಸಿ ಇನ್ನೊಂದು ತರಿಸಿ ಅದನ್ನೂ ಮುಗಿಸಿದಳು. ಊಟದ ನಡುವೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಹಿತ್ತಲಿಗೆ ಹೋಗಿಬಂದಳು. ನಾವು ಹೊರಡುವಾಗ ಪರಮಣ್ಣ ನನ್ನನ್ನು ಬದಿಗೆ ಕರೆದ.

"ಮೇಡಮ್ಮಾರ, ನಾ ಓದಿದಾಂವ ಅಲ್ಲ. ಆದ್ರ ಒಂದು ಮಾತು. ಕುರಿ ಹೊಟ್ಟಿ ತುಂಬ ಮೇಯ್ತದ, ನೀರೂ ಕುಡೀತದ, ಆದ್ರೂ ಮೈ ಒಣಗ್ತದ ಅಂದ್ರ, ನಾವು ಅದನ್ನ ಬ್ಯಾರೆ ಕಟ್ತೀವ್ರಿ. ಒಳಗ ಏನೋ ಆಗಿರ್ತದ. ನನ್ನ ಮಗಳನ್ನ ಯಾರಿಗಾದ್ರೂ ತೋರಸ್ರಿ."

ಅವನು ನೋಡಿದ್ದು ಒಂದೇ ಒಂದು ಊಟ. ನಾನು ಆರು ತಿಂಗಳಿಂದ ದಿನಾ ನೋಡುತ್ತಿದ್ದೆ. ನಾನು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿ ಕೇಳುತ್ತದೆ.

"ಏನಿಲ್ರಿ ಪರಮಣ್ಣಾರ. ಪರೀಕ್ಷಿ ಚಿಂತಿ, ಓಡಾಟ. ಸಕ್ರಿ ಬಿಟ್ರ ಮೈ ಹಗುರಾಗ್ತದ. ಒಳ್ಳೇದೇ ಅದು."

ಅವನು ತಲೆ ಆಡಿಸಿದ. ಓದಿದವಳು ಹೇಳಿದ ಮೇಲೆ ಮಾತು ಮುಗಿಯಿತು.

ಮುಂದಿನ ಗುರುವಾರ ಮಾನ್ವಿ. ಅಂದು ಬೆಳಿಗ್ಗೆ ಬಸ್ಸಿನಲ್ಲೇ ಭಾಗ್ಯಜ್ಯೋತಿ ಸುಸ್ತಾಗಿದ್ದಳು. ಹೊಟ್ಟೆ ನುಲಿಯುತ್ತದೆ ಎಂದಳು. ಹಿಂದಿನ ದಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದಿದ್ದರಂತೆ, ಅದೇ ಇರಬೇಕು ಎಂದು ಗುಲ್ಫಶಾ ತನ್ನನ್ನೇ ಬೈದುಕೊಂಡಳು. ದಾರಿಯಲ್ಲಿ ಒಂದು ಸಲ ವಾಂತಿಯಾಯಿತು. ವಾಪಸ್ ಹೋಗೋಣ ಎಂದರೆ ಒಪ್ಪಲಿಲ್ಲ. "ಇದೊಂದು ಊರು ಮುಗದ್ರ ಆಯ್ತ್ರಿ ಮೇಡಂ." ಕಾಲೇಜಿನಲ್ಲಿ ಅರವತ್ತು ಫಾರಂ ಹಂಚಿ ತುಂಬಿಸಿಕೊಳ್ಳುವಷ್ಟರಲ್ಲಿ ಮೂರು ಬಾಟಲಿ ನೀರು ಖಾಲಿ ಮಾಡಿದಳು. ಉಸಿರು ಜೋರಾಗಿತ್ತು, ಓಡಿಬಂದವಳ ಹಾಗೆ. ಒಂದು ಕಡೆ ಕೂರಿಸೋಣ ಎಂದು ಗೇಟಿನ ಪಕ್ಕದ ಚಹಾ ಕ್ಯಾಂಟೀನಿಗೆ ಕರೆದುಕೊಂಡು ಹೋದೆವು.

ಕ್ಯಾಂಟೀನು ಮುನವ್ವರ್ ಬೀ ಎಂಬಾಕೆಯದು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಆ ಕಾಲೇಜಿನ ಮಕ್ಕಳಲ್ಲಿ ಯಾರಿಗೆ ಕಡಕ್, ಯಾರಿಗೆ ಮಲಾಯಿ, ಯಾರಿಗೆ ಜಾಸ್ತಿ ಸಿಹಿ ಎಂದು ಕೇಳದೆಯೇ ಕೊಡುತ್ತಿದ್ದಳು. ಭಾಗ್ಯಜ್ಯೋತಿ ಸಕ್ಕರೆ ಇಲ್ಲದ ಚಹಾ ಕೇಳಿದಳು. ಮುನವ್ವರ್ ಬೀ ಬೇರೆ ಪಾತ್ರೆಯಲ್ಲಿ ಕಾಯಿಸಿ ತಂದುಕೊಟ್ಟಳು. ಇವಳು ಡಬ್ಬಿ ಒತ್ತಿ ಗುಳಿಗೆ ಹಾಕಿಕೊಂಡು, ಕೈ ನಡುಗಿ ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿದಳು. ಒರೆಸಲು ಬಗ್ಗಿದ ಮುನವ್ವರ್ ಬೀ ಹಾಗೆಯೇ ನಿಂತುಬಿಟ್ಟಳು. ಆಮೇಲೆ ಭಾಗ್ಯಜ್ಯೋತಿಯ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ಬೇಟಿ, ಬಾಯಿ ತೆರಿ. ಉಸಿರು ಬಿಡು."

ಭಾಗ್ಯಜ್ಯೋತಿ ಗಾಬರಿಯಿಂದ ಉಸಿರು ಬಿಟ್ಟಳು.

"ಪ್ಯಾರಲ ಹಣ್ಣು ಕೊಳತಂಗ ವಾಸನಿ," ಎಂದಳು ಮುನವ್ವರ್ ಬೀ ಮೆಲ್ಲಗೆ. "ರಾತ್ರಿ ಎಷ್ಟ್ ಸಲ ಎದ್ದು ಹೊರಗ ಹೋಗ್ತೀ?"

"ಐದಾರು ಸಲ. ನೀರು ಜಾಸ್ತಿ ಕುಡೀತೀನ್ರಿ, ಅದಕ್ಕ."

"ನೀರು ಕುಡದ್ರೂ ಬಾಯಿ ಒಣಗ್ತದ?"

"ಹೂಂ."

ಮುನವ್ವರ್ ಬೀ ದುಡ್ಡು ಎಣಿಸುವ ಮೇಜಿನ ಹಿಂದೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಚೀಲ ತಂದಳು. ಅವಳಿಗೂ ಸಕ್ಕರೆ ಕಾಯಿಲೆ ಇತ್ತು, ರಕ್ತ ನೋಡುವ ಪುಟ್ಟ ಯಂತ್ರ ಜೊತೆಗೇ ಇಟ್ಟುಕೊಂಡಿದ್ದಳು. ಹೊಸ ಸೂಜಿ ಹಾಕಿ ಭಾಗ್ಯಜ್ಯೋತಿಯ ಬೆರಳು ಚುಚ್ಚಿ, ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದಳು. ಯಂತ್ರ ಐದು ಎಣಿಸಿ ನಿಂತಿತು. ಅಂಕಿ ಬರಲಿಲ್ಲ. ಇಂಗ್ಲಿಷಿನ ಎರಡು ಅಕ್ಷರ ಬಂದವು, ಎಚ್ ಮತ್ತು ಐ.

ಬಗ್ಗಿ ನೋಡಿದ ಗುಲ್ಫಶಾ ನಕ್ಕಳು. "ಹಾಯ್ ಅಂತದ ಖಾಲಾ! ಮಾತಾಡಸಾಕತ್ತದ."

ಮುನವ್ವರ್ ಬೀ ನಗಲಿಲ್ಲ. "ಹಾಯ್ ಅಲ್ಲ ಅದು. ಹೈ. ಈ ಮಷೀನು ಆರುನೂರತನಕ ಎಣಸ್ತದ. ಅದಕ್ಕಿಂತ ಜಾಸ್ತಿ ಆದ್ರ ಎಣಸಾಕ ಬರಲ್ಲಂತ ಹಿಂಗ ತೋರಸ್ತದ."

"ಸಕ್ಕರೆ ಮುಟ್ಟಿದ ಕೈ ಇರಬೇಕು," ಎಂದೆ ನಾನು. "ಕೈ ತೊಳೆದು ಇನ್ನೊಮ್ಮೆ ನೋಡ್ರಿ."

ಸಾಬೂನು ಹಚ್ಚಿ ತೊಳೆಸಿದೆವು. ಒರೆಸಿದೆವು. ಬೇರೆ ಬೆರಳು ಚುಚ್ಚಿದೆವು. ಮತ್ತೆ ಅದೇ ಎರಡು ಅಕ್ಷರ.

ಊಟ ಮಾಡಿ ಎರಡು ತಾಸಾದ ಮೇಲೂ ಆರೋಗ್ಯವಂತರಿಗೆ ನೂರಾ ನಲವತ್ತು ದಾಟಬಾರದು ಎಂದು ಕಪ್ಪು ಹಲಗೆಯ ಮೇಲೆ ವರ್ಷಕ್ಕೆ ಎಷ್ಟು ಸಲ ಬರೆದಿದ್ದೇನೋ. ಆರುನೂರು ಎಂಬ ಅಂಕಿಯನ್ನು ಬರೆಯುವ ಪ್ರಸಂಗ ಎಂದೂ ಬಂದಿರಲಿಲ್ಲ. ಆರು ತಿಂಗಳಿಂದ ಒಂದು ಕಾಳು ಸಕ್ಕರೆ ಬಾಯಿಗಿಡದ ಹುಡುಗಿ ನನ್ನ ಎದುರಿಗೆ ಕೂತಿದ್ದಾಳೆ, ಅವಳ ರಕ್ತದಲ್ಲಿರುವ ಸಕ್ಕರೆಯನ್ನು ಯಂತ್ರ ಎಣಿಸಲಾರದು.

"ಮಷೀನು ಕೆಟ್ಟದ," ಎಂದಳು ಭಾಗ್ಯಜ್ಯೋತಿ. ಅಷ್ಟು ಹೇಳಿ ಮೇಜಿನ ಮೇಲೆ ತಲೆ ಇಟ್ಟಳು.

"ಮಾತು ಸಾಕು, ದವಾಖಾನಿಗೆ ನಡೀರಿ!" ಮುನವ್ವರ್ ಬೀ ಸ್ಟೋವ್ ಆರಿಸಿ, ಕ್ಯಾಂಟೀನು ಹಾಗೇ ಬಿಟ್ಟು, ಹಾದಿಯಲ್ಲಿ ಆಟೋ ತಡೆದಳು. ಆಟೋದಲ್ಲಿ ಭಾಗ್ಯಜ್ಯೋತಿಯ ತಲೆಯನ್ನು ಎದೆಗೆ ಆನಿಸಿಕೊಂಡು ಅವಳು ಹೇಳಿದ್ದು ಇಷ್ಟು: "ನನ್ನ ತಂಗಿ ಕುಬ್ರಾ ಬೇಗಂ. ಹದಿನಾರು ವಯಸ್ಸು. ಹಿಂಗೇ ನೀರು ನೀರು ಅಂತಿದ್ಳು, ಹಿಂಗೇ ವಾಸನಿ ಬರತಿತ್ತು. ಮನ್ಯಾಗ ಗಾಳಿ ಸೋಕ್ಯಾದ ಅಂತ ತಾಯತ ಕಟ್ಟಿದ್ರು. ನಾಕು ದಿನಕ್ಕ ಹೋದ್ಳು."

ಮಾನ್ವಿಯ ಆಸ್ಪತ್ರೆಯಲ್ಲಿ ತಡಮಾಡದೆ ಸಲಾಯಿನ್ ಹಚ್ಚಿ, ಇನ್ಸುಲಿನ್ ಶುರುಮಾಡಿ, ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ದಾರಿಯಲ್ಲಿ ಅವಳಿಗೆ ಎಚ್ಚರ ತಪ್ಪಿತು. ದೊಡ್ಡ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಮೂರು. ಹೊಸದಾಗಿ ನೋಡಿದ ರಕ್ತದಲ್ಲಿ ಇನ್ನೂ ಆರುನೂರಾ ಹನ್ನೆರಡು ಇತ್ತು. ಇನ್ನರ್ಧ ದಿನ ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರ್ ಪ್ರಭುರಾಜ. ಅವಳನ್ನು ಐಸಿಯುಗೆ ಒಯ್ದರು.

ಮರುದಿನ ನಾನು ಕಾಲೇಜಿಗೆ ಹೋದದ್ದು ರಜೆ ಚೀಟಿ ಬರೆಯಲು. ಬೀರು ತೆರೆದಾಗ ಡಿಸೆಂಬರಿನ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಎದುರಿಗಿತ್ತು. ಯಾಕೋ ಅವಳದನ್ನು ಹುಡುಕಿದೆ. ನಾಲ್ಕನೇ ಪ್ರಶ್ನೆ: ಮಧುಮೇಹದ ಲಕ್ಷಣಗಳನ್ನು ಬರೆಯಿರಿ. ಅವಳ ದುಂಡು ಅಕ್ಷರದಲ್ಲಿ ಉತ್ತರವಿತ್ತು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹಸಿವು ಹೆಚ್ಚಿದ್ದರೂ ತೂಕ ಇಳಿಯುವುದು. ಮೂರಕ್ಕೂ ನನ್ನ ಕೆಂಪು ಗುರುತು ಬಿದ್ದಿತ್ತು. ಬರೆದವಳಿಗೆ ಗೊತ್ತಾಗಲಿಲ್ಲ. ತಿದ್ದಿದವಳಿಗೂ ಗೊತ್ತಾಗಲಿಲ್ಲ.

ಮೂರನೇ ದಿನ ಅವಳು ಕಣ್ಣು ತೆರೆದು ಮಾತಾಡಿದಳು. ವಾರ್ಡಿಗೆ ತಂದ ಮೇಲೆ ಡಾಕ್ಟರ್ ಎಲ್ಲರನ್ನೂ ಸೇರಿಸಿ, ಇದು ಸಕ್ಕರೆ ಕಾಯಿಲೆ ಎಂದು ಹೇಳಿದರು. ಭೀಮವ್ವ ನೆಲದ ಮೇಲೆ ಕೂತಿದ್ದಳು. ಕೇಳಿದ ಮಾತು ಅವಳ ತಲೆಗೆ ಹತ್ತಲೇ ಇಲ್ಲ.

"ಯಪ್ಪಾ, ಸಕ್ರೀನೇ ತಿನ್ನದಾಕಿಗೆ ಸಕ್ರಿ ರೋಗ ಹ್ಯಾಂಗ ಬರ್ತದ್ರಿ?"

"ಯವ್ವಾ, ಇದು ಸಕ್ರಿ ತಿಂದಿದ್ದಕ್ಕ ಬಂದದ್ದಲ್ಲ. ಬಿಟ್ಟಿದ್ದಕ್ಕೂ ಅಲ್ಲ. ಆ ಗುಳಿಗಿಯಿಂದನೂ ಅಲ್ಲ. ನಾವು ತಿಂದದ್ದನ್ನ ಮೈ ಬಳಸಬೇಕಂದ್ರ ಇನ್ಸುಲಿನ್ ಅಂತ ಒಂದು ರಸ ಬೇಕು. ಈಕಿ ಮೈಯಾಗ ಅದು ಉತ್ಪತ್ತಿ ಆಗೋದು ನಿಂತದ. ರೊಟ್ಟಿ ತಿಂದ್ರೂ ಅದು ಸಕ್ರಿ ಆಗಿ ರಕ್ತದಾಗ ಉಳೀತದ. ಹೊರಗಿಂದ ಚುಚ್ಚಿಕೊಳ್ಳಬೇಕು, ದಿನಾ."

"ಎಷ್ಟ್ ದಿನಾರಿ?" ಎಂದ ಪರಮಣ್ಣ.

"ಇರೋತನಕ."

ಭೀಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾಗ್ಯಜ್ಯೋತಿ ಕೇಳಿದ್ದು ಬೇರೆಯದೇ.

"ಸರ್, ಹಂಗಾರ ನಾ ತೆಳ್ಳಗಾಗಿದ್ದು?"

"ಮೊದಲು ಒಂದೆರಡು ಕಿಲೋ ನೀನೇ ಇಳಿಸಿರಬಹುದು. ಉಳಿದದ್ದು ರೋಗ. ತಿಂದದ್ದು ಮೈಗೆ ಹತ್ತದ್ದಕ್ಕ ಮೈ ತನ್ನನ್ನೇ ತಿಂದದ."

ಅವಳು ಗೋಡೆಯ ಕಡೆ ತಿರುಗಿದಳು. ಜನ ಮೆಚ್ಚಿದ್ದು, ಚಪ್ಪಾಳೆ ಹೊಡೆದದ್ದು, ನಾನು ಎಬ್ಬಿಸಿ ನಿಲ್ಲಿಸಿ ಹೊಗಳಿದ್ದು ಎಲ್ಲ ಈ ಕಾಯಿಲೆಯನ್ನು. ನಾನು ಕಾಲ ಬಳಿ ಕೂತು, "ತಪ್ಪು ನಂದೂ ಅದ ಭಾಗ್ಯಾ," ಎಂದೆ. ಅವಳು ತಿರುಗಲಿಲ್ಲ.

ಸೂಜಿ ಹಾಕುವುದನ್ನು ನರ್ಸ್ ಕಲಿಸಲು ಬಂದ ದಿನ ಭೀಮವ್ವ ಹೊರಗೆ ಓಡಿಹೋದಳು. ಭಾಗ್ಯಜ್ಯೋತಿಯ ಕೈ ತನ್ನ ಹೊಟ್ಟೆಯ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಪರಮಣ್ಣ ಎದ್ದು ಕೈ ತೊಳೆದುಕೊಂಡು ಬಂದ.

"ಕೊಡ್ರಿ ಇಲ್ಲಿ. ಮೂವತ್ತು ವರ್ಷದಿಂದ ಕುರಿಗೆ ಸೂಜಿ ಹಾಕಾಕತ್ತೀನಿ."

ನರ್ಸ್ ಹೇಳಿದ ಹಾಗೆ ಚರ್ಮ ಹಿಡಿದು ಎತ್ತಿ, ನೆಟ್ಟಗೆ ಚುಚ್ಚಿ, ಹತ್ತು ಎಣಿಸಿ ತೆಗೆದ. ಕೈ ಒಂದಿಷ್ಟೂ ಅಲುಗಲಿಲ್ಲ. ಕಣ್ಣಿನಿಂದ ಮಾತ್ರ ನೀರು ಸುರಿದು ಮೀಸೆಯೊಳಗೆ ಇಳಿಯುತ್ತಿತ್ತು.

"ಅಪ್ಪಾ, ನಾ ಕುರಿ ಅಲ್ಲ," ಎಂದಳು ಮಗಳು. ಆಸ್ಪತ್ರೆ ಸೇರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮನೆಗೆ ಕಳಿಸುವಾಗ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ತೀರ ಇಳಿದರೆ ಬೆವರು ಬರುತ್ತದೆ, ಕೈಕಾಲು ನಡುಗುತ್ತವೆ. ಆಗ ಕೂಡಲೇ ಮೂರು ಚಮಚ ಸಕ್ಕರೆ ಬಾಯಿಗೆ ಹಾಕಬೇಕು, ಸಕ್ಕರೆ ಯಾವಾಗಲೂ ಹತ್ತಿರವೇ ಇರಬೇಕು, ಆ ಹೊತ್ತಿಗೆ ಸಿಹಿ ಗುಳಿಗೆ ಉಪಯೋಗವಿಲ್ಲ. ಭೀಮವ್ವ ನನ್ನ ಮುಖ ನೋಡಿದಳು. "ಸಕ್ರಿ ರೋಗದಾಕಿಗೆ ಸಕ್ರಿ ಕೊಡ್ರಿ ಅಂತಾರಲ್ರಿ! ಇದೇನ್ ಬಂತ್ರಿ ಮೇಡಂ?" ಎರಡು ಸಲ ಬಿಡಿಸಿ ಹೇಳಿದ ಮೇಲೆ ಸೆರಗಿನ ತುದಿಗೆ ಒಂದು ಹಿಡಿ ಸಕ್ಕರೆ ಕಟ್ಟಿಕೊಂಡಳು.

ಈ ಕಡೆ ಹಾಸ್ಟೆಲ್ಲಿನಲ್ಲಿ ಬೇರೆಯದೇ ನಡೆದಿತ್ತು. ಗುಳಿಗೆ ತಿಂದೇ ಭಾಗ್ಯಜ್ಯೋತಿಗೆ ಸಕ್ಕರೆ ರೋಗ ಬಂತು ಎಂದು ಯಾರೋ ಹೇಳಿದರು. ಹದಿನಾಲ್ಕೂ ಡಬ್ಬಿಗಳು ಒಂದೇ ಸಂಜೆ ಕಸದ ಬುಟ್ಟಿಗೆ ಬಿದ್ದವು. ಮೆಸ್ಸಿನ ಸಕ್ಕರೆ ಡಬ್ಬಿ ಎರಡೇ ದಿನಕ್ಕೆ ಖಾಲಿಯಾಯಿತು. ಬಿಟ್ಟಿದ್ದನ್ನೆಲ್ಲ ಬಡ್ಡಿ ಸಮೇತ ತಿನ್ನುವವರ ಹಾಗೆ ಹುಡುಗಿಯರು ಚಹಾಕ್ಕೆ ಸುರಿದುಕೊಂಡರಂತೆ. ಮನೆಗೆ ಹೊರಡುವ ಮುಂಚೆ ಗುಲ್ಫಶಾ ಆಸ್ಪತ್ರೆಗೆ ಬಂದು ಹೇಳಿದಾಗ ಭಾಗ್ಯಜ್ಯೋತಿ ಹಾಸಿಗೆಯ ಮೇಲೆ ಎದ್ದು ಕೂತಳು.

"ನಾ ಬರ್ತೀನಿ ಕಾಲೇಜಿಗೆ," ಎಂದಳು.

ಊರಿನಲ್ಲಿ ಎರಡು ವಾರ ಇದ್ದು ಬಂದಳು. ಬಂದ ದಿನವೇ ತರಗತಿಯ ಮುಂದೆ ನಿಂತಳು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಭಾಷಣದ ಹಾಗೆ ಏನೂ ಮಾತಾಡಲಿಲ್ಲ.

"ನನ್ನ ನೋಡಿ ಗುಳಿಗಿ ತಿಂದ್ರಿ, ನನ್ನ ನೋಡಿ ಬಿಟ್ರಿ. ಎರಡೂ ಸಲ ಯಾರನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮಪ್ಪ ಕುರಿ ನೋಡ್ದಂಗ ನೋಡಿದ್ರ ಯಾರಿಗಾದ್ರೂ ತಿಳೀತಿತ್ತು. ಗುಳಿಗಿಯಿಂದ ರೋಗ ಬಂದಿಲ್ಲ. ಆದ್ರ ಗುಳಿಗಿಯಿಂದ ತೆಳ್ಳಗಾಗೀನಿ ಅಂತ ನಂಬಿದ್ದಕ್ಕ ರೋಗ ಕಾಣಲಿಲ್ಲ. ಇಷ್ಟೇ."

ಆಮೇಲೆ ಅಂಗಿ ಸ್ವಲ್ಪ ಸರಿಸಿ, ಊಟದ ಹೊತ್ತಿನ ಸೂಜಿಯನ್ನು ಎಲ್ಲರೆದುರಿಗೇ ಹಾಕಿಕೊಂಡಳು. ಇಬ್ಬರು ಹುಡುಗಿಯರು ಕಣ್ಣು ಮುಚ್ಚಿಕೊಂಡರು. ಇನ್ನೊಬ್ಬಳು ಬಿಕ್ಕಿಬಿಕ್ಕಿ ಅತ್ತಳು, ಅವತ್ತು ಸೊಂಟ ಅಳೆದವಳೇ ಅವಳು.

ವರದಿ ಮುಗಿಯಿತು. ಮಾನ್ವಿಯ ಅರವತ್ತು ಫಾರಂಗಳನ್ನು ಮುನವ್ವರ್ ಬೀ ಎತ್ತಿಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದಳು. ಚಹಾದ ಕಲೆ ಬಿದ್ದ ಎರಡನ್ನು ಬಿಟ್ಟರೆ ಎಲ್ಲವೂ ಸರಿಯಾಗಿದ್ದವು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವಳ ಲೆಕ್ಕಗಳನ್ನು ಕೇಳುತ್ತಿದ್ದರು. ನೂರರಲ್ಲಿ ಎಷ್ಟು ಮಂದಿ ಬೆಲ್ಲ, ಯಾಕೆ ಎಂದು ಅವಳು ಹೇಳುತ್ತಾ ಹೇಳುತ್ತಾ ತಡವರಿಸಿದಳು. ಹಣೆಯ ಮೇಲೆ ಬೆವರು ಮೂಡಿತು. ಕ್ಷಮೆ ಕೇಳಿ, ಪರ್ಸಿನಿಂದ ಸಕ್ಕರೆ ಪೊಟ್ಟಣ ತೆಗೆದು ಬಾಯಿಗೆ ಸುರಿದುಕೊಂಡು ನೀರು ಕುಡಿದಳು.

ಪರೀಕ್ಷಕರು ಬೆಚ್ಚಿಬಿದ್ದರು. "ಏನಮ್ಮಾ, ಒಳಗೆ ಬರುವಾಗ ಶುಗರ್ ಇದೆ ಎಂದಿರಿ, ಸಕ್ಕರೆಯನ್ನೇ ತಿನ್ನುತ್ತಿದ್ದೀರಲ್ಲ! ಮೇಡಂ, ತಡೆಯಬಾರದೇ?"

ಅವರೂ ಇಪ್ಪತ್ತು ವರ್ಷದಿಂದ ಇದೇ ವಿಷಯ ಕಲಿಸುವವರು. ನಾನು ಉತ್ತರ ಕೊಡುವ ಮೊದಲೇ ಭಾಗ್ಯಜ್ಯೋತಿ, "ಐದು ಮಿನಿಟು ಕೊಡ್ರಿ ಸರ್, ಹೇಳ್ತೀನಿ," ಎಂದಳು. ಐದು ನಿಮಿಷದ ನಂತರ ಸಕ್ಕರೆ ಏರುವುದನ್ನೂ ಇಳಿಯುವುದನ್ನೂ ಅವರಿಗೇ ಪಾಠ ಮಾಡಿದಳು.

ಈಗ ಅವಳು ದೇವದುರ್ಗದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನಾ ಗಬ್ಬೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತಾಳೆ. ತೂಕ ಅರವತ್ತೆರಡು. ಅದರ ಬಗ್ಗೆ ಯಾರಾದರೂ ಏನಾದರೂ ಅಂದರೆ ತಿರುಗಿಯೂ ನೋಡುವುದಿಲ್ಲ. ಹೋದ ತಿಂಗಳು ಫೋನು ಮಾಡಿದ್ದಳು, ದನಿಯಲ್ಲಿ ಗಾಬರಿ.

"ಮೇಡಂ, ಒಂಬತ್ತನೇ ಕ್ಲಾಸಿನಾಗ ಒಬ್ಬಾಕಿ ಪಿರಿಯಡ್ಡಿಗೊಮ್ಮೆ ಹೊರಗ ಹೋಗ್ತಾಳ್ರಿ. ಕೈಯಾಗ ಯಾವಾಗ್ಲೂ ನೀರಿನ ಬಾಟ್ಲಿ. ಸೊರಗ್ಯಾಳ. ಅವರವ್ವನ್ನ ಕರೆಸಿ ಇವತ್ತೇ ದವಾಖಾನಿಗೆ ಕರಕೊಂಡು ಹೋಗಾಕತ್ತೀನಿ."

ಅಂದು ಮಧ್ಯಾಹ್ನವೆಲ್ಲ ನಾನು ಯಾವ ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ಮತ್ತೆ ಫೋನು ಬಂತು.

"ತೊಂಬತ್ತಾರು ಬಂತ್ರಿ ಮೇಡಂ. ಏನೂ ಇಲ್ಲ ಆಕಿಗೆ. ಬಾಟ್ಲಿ ನೆವ ಮಾಡ್ಕೊಂಡು, ನೀರಿನ ಟ್ಯಾಂಕಿನ ಹಿಂದ ನಿಂತು ಮೊಬೈಲ್ ನೋಡತಿದ್ಳಂತ. ಅವರವ್ವ ನನ್ನೆದುರಿಗೇ ಆಕಿಗೆ ಎರಡು ಏಟು ಹಾಕಿದ್ಳು. ನಾ ಬಿಡಿಸಿಕೊಂಡೆ."

ಭಾಗ್ಯಜ್ಯೋತಿ ಜೋರಾಗಿ ನಗುತ್ತಿದ್ದಳು. ನಾನು ಆ ಅಂಕಿಯನ್ನು ಇನ್ನೊಮ್ಮೆ ಹೇಳು ಎಂದೆ.